ಎರಡನೆಯ ಸೀಸೆ

ಪಶುವೈದ್ಯನ ವೃತ್ತಿಯಲ್ಲಿ ಒಂದು ಅನುಕೂಲವುಂಟು: ರೋಗಿ ಮಾತನಾಡುವುದಿಲ್ಲ. ಮನುಷ್ಯರ ಡಾಕ್ಟರ ಎದುರು ಕುಳಿತ ರೋಗಿ ತನ್ನ ಮಂಡಿನೋವಿನ ಜತೆಗೆ ಮಗಳ ಮದುವೆ, ಅಳಿಯನ ವರ್ಗ, ಬಾಡಿಗೆಯವನ ತಕರಾರು ಎಲ್ಲವನ್ನೂ ಹೇಳಿ ಮುಗಿಸುವ ತನಕ ನಾಡಿ ಹಿಡಿಯಗೊಡುವುದಿಲ್ಲವಂತೆ. ಹಸು ಹಾಗಲ್ಲ. ಬಾಲ ಬೀಸುತ್ತದೆ, ಹೆಚ್ಚೆಂದರೆ ಒದೆಯುತ್ತದೆ. ಆದರೆ ಈ ಅನುಕೂಲದ ಬೆನ್ನಿಗೇ ಒಂದು ಅಪಾಯವೂ ಅಂಟಿಕೊಂಡಿದೆ. ಹಸು ಮಾತನಾಡದ ಕಡೆಯಲ್ಲೆಲ್ಲ ಡಾಕ್ಟರೇ ಮಾತನಾಡಬೇಕು. ಹಾಗೆ ಮಾತನಾಡಿ ಅಭ್ಯಾಸವಾದವನು ಬೇಡದ ಕಡೆಯೂ ಮಾತನಾಡುತ್ತಾನೆ. ನಾನು ಹಾಗೆ ಆಡಿದ ಒಂದು ಮಾತಿನ ಕಥೆ ಇದು. ಇಪ್ಪತ್ತು ವರ್ಷಕ್ಕೆ ಮೇಲಾಯಿತು. ಈಗಲಾದರೂ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆ ಮೈಸೂರಿನ ಸರಸ್ವತೀಪುರದಲ್ಲಿ. ಪಕ್ಕದಲ್ಲೇ ಕನ್ನೇಗೌಡನ ಕೊಪ್ಪಲು. ಊರು ಬೆಳೆಯುತ್ತ ಬೆಳೆಯುತ್ತ ಈ ಕೊಪ್ಪಲನ್ನು ನುಂಗಿತಾದರೂ ಅರಗಿಸಿಕೊಳ್ಳಲಾರದೆ ಹಾಗೆಯೇ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಆಗಿನ ದಿನಗಳಲ್ಲಿ ಅಲ್ಲಿ ಕೊಟ್ಟಿಗೆಗಳಿದ್ದುವು, ತಿಪ್ಪೆಗಳಿದ್ದುವು, ಸಂಕ್ರಾಂತಿಯ ಸಂಜೆ ದನಗಳಿಗೆ ಅರಿಸಿನ ಬಳಿದು ಕಿಚ್ಚು ಹಾಯಿಸುವ ಸಂಭ್ರಮವಿತ್ತು. ಅಲ್ಲಿಂದ ನಮ್ಮ ಬೀದಿಗೆ ಒಬ್ಬಾಕೆ ಹಾಲು ತರುತ್ತಿದ್ದಳು. ಮಕ್ಕಳು ಆಕೆಯನ್ನು ಹಾಲಮ್ಮ ಎಂದು ಕರೆದು, ಅದೇ ಹೆಸರಾಗಿ ನಿಂತುಹೋಗಿತ್ತು. ಗಂಡ ತೀರಿಕೊಂಡಿದ್ದ; ಓದುವ ಮಗನೊಬ್ಬನಿದ್ದ. ಮೂರು ಹಸು, ಹನ್ನೆರಡು ಮನೆಯ ವರ್ತನೆ. ಬೆಳಗಿನ ಆರು ಗಂಟೆಗೆ ಅವಳ ಕ್ಯಾನಿನ ಸದ್ದು ಕೇಳಿದರೆ ಬೀದಿಗೆ ಬೆಳಗಾಯಿತೆಂದು ಅರ್ಥ. ಹಾಲಿಗೆ ನೀರು ಬೆರೆಸುತ್ತಿರಲಿಲ್ಲವೆಂದು ಹೇಳಲಾರೆ. ಬೆರೆಸಿದರೂ ಮರ್ಯಾದೆಯಿಂದ ಬೆರೆಸುತ್ತಿದ್ದಳು.

೨೦೦೧ನೆಯ ಇಸವಿ, ಸಂಕ್ರಾಂತಿ ಕಳೆದು ಒಂದು ವಾರವಾಗಿರಬೇಕು. ಬೆಳಗ್ಗೆ ಹಾಲಿನ ಬದಲು ಹಾಲಮ್ಮನೇ ಬರಿಗೈಯಲ್ಲಿ ಬಂದು ಗೇಟಿನ ಬಳಿ ನಿಂತಳು.

“ಸಾರ್, ಕೆಂಪಿ ಗಂಟ್ಲಲ್ಲಿ ಏನೋ ಸಿಗಾಕೊಂಡದೆ. ನೆನ್ನೆಯಿಂದ ನೀರೂ ಇಳೀತಿಲ್ಲ. ಒಸಿ ಬಂದು ನೋಡಿ.”

ಹೋಗಿ ನೋಡಿದೆ. ಜೊಲ್ಲು ಸುರಿಯುತ್ತಿತ್ತು. ಕತ್ತು ಚಾಚಿ, ಒಡೆದ ದನಿಯಲ್ಲಿ ಕೂಗುತ್ತಿತ್ತು. ಗಂಟಲಿಗೆ ಏನಾದರೂ ಸಿಕ್ಕಿದರೆ ಹಸು ಹಾಗೆ ಮಾಡುವುದುಂಟು. ನಾನು ತೋಳು ಮಡಿಸಿ, ಕೈಚೀಲವಿಲ್ಲದ ಬರಿಗೈಯನ್ನು ಮೊಣಕೈಯವರೆಗೆ ಅದರ ಬಾಯೊಳಗೆ ತೂರಿಸಿ ತಡಕಿದೆ. ಗಂಟಲಿನಲ್ಲಿ ಏನೂ ಇರಲಿಲ್ಲ. ಕೈ ಹೊರಗೆ ತೆಗೆಯುವಾಗ ಹಲ್ಲು ತರಚಿ ಒಂದು ಗೆರೆ ರಕ್ತ ಬಂತು. ಆ ಗೆರೆಯನ್ನು ನೋಡಿದ ಮೇಲೆಯೇ ಕಾಲೇಜಿನಲ್ಲಿ ಕಲಿತದ್ದು ನೆನಪಾದದ್ದು: ಗಂಟಲಲ್ಲಿ ಏನೋ ಸಿಕ್ಕಂತೆ ಆಡುವ ಹಸುವಿಗೆ ಹುಚ್ಚುನಾಯಿಯ ರೋಗವಿರಬಹುದು, ಕೈ ಹಾಕುವ ಮೊದಲು ಯೋಚಿಸಬೇಕು. ನಾನು ಕೈ ಹಾಕಿದ ಮೇಲೆ ಯೋಚಿಸಿದೆ.

ಮೂರನೆಯ ದಿನ ಕೆಂಪಿ ಸತ್ತಿತು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಗಾಬರಿ ಹಬ್ಬಿತ್ತು. ಕಾಫಿಯ ಹಾಲು ಕಾದದ್ದು, ಅದರಿಂದ ಭಯವಿಲ್ಲ ಎಂದು ನಾನು ಧೈರ್ಯ ಹೇಳಿದೆ. ಆದರೆ ಎದುರು ಮನೆಯಲ್ಲಿ ಆ ವಾರವೇ ಸತ್ಯನಾರಾಯಣ ಪೂಜೆ ನಡೆದಿತ್ತು. ಪಂಚಾಮೃತಕ್ಕೆ ಹಾಲು ಕಾಯಿಸುವುದಿಲ್ಲ. ಎಪ್ಪತ್ತು ಜನ ತೀರ್ಥ ಪ್ರಸಾದ ತೆಗೆದುಕೊಂಡಿದ್ದರು. ಆ ಗೃಹಸ್ಥರು ಬಂದು, “ಡಾಕ್ಟರೆ, ದೇವರಿಗೆ ನೈವೇದ್ಯವಾದ ಮೇಲೆ ಅದರಲ್ಲಿ ದೋಷವಿರುತ್ತದೆಯೆ?” ಎಂದು ಕೇಳಿದರು. ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ನಾನು ಚುಚ್ಚುಮದ್ದು ಹಾಕಿಸಿಕೊಳ್ಳತೊಡಗಿದೆ. ಹಾಲಮ್ಮನ ಮಗನಿಗೆ ಹೊಟ್ಟೆಗೆ ಹಾಕುವ ಹಳೆಯ ಮದ್ದು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಮದ್ದಿನ ತಯಾರಿಕೆ ನಮ್ಮ ದೇಶದಲ್ಲಿ ನಿಂತದ್ದು ೨೦೦೪ರ ಕೊನೆಗೆ.

ಇಂಥ ರೋಗವನ್ನು ಖಚಿತಪಡಿಸಲು ಮಿದುಳು ಬೇಕು. ತಲೆಬುರುಡೆಯನ್ನು ಗರಗಸದಿಂದ ತೆರೆದು, ಮಿದುಳಿನ ಒಂದು ಭಾಗವನ್ನು ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿ ಹಾಕಿ, ಆ ಸೀಸೆಯನ್ನು ಮಂಜುಗಡ್ಡೆ ತುಂಬಿದ ದೊಡ್ಡ ಫ್ಲಾಸ್ಕಿನಲ್ಲಿಟ್ಟುಕೊಂಡು ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟೆ. ಮಂಡ್ಯ ದಾಟಿದ ಮೇಲೆ ಎದುರಿಗಿದ್ದ ಹಿರಿಯರೊಬ್ಬರು, ತೊಡೆಯ ಮೇಲಿಂದ ಇಳಿಸದ ನನ್ನ ಫ್ಲಾಸ್ಕನ್ನೇ ನೋಡುತ್ತ, “ಮನೆಯ ಕಾಫಿಯೋ?” ಎಂದರು. “ಅಲ್ಲ, ಆಸ್ಪತ್ರೆಗೆ,” ಎಂದೆ. ಪಾಪ, ಅವರು ಯಾರಿಗೋ ಗಂಜಿ ಒಯ್ಯುತ್ತಿರುವೆನೆಂದು ತಿಳಿದು ಮದ್ದೂರಿನಲ್ಲಿ ನನಗೊಂದು ವಡೆ ಕೊಡಿಸಿದರು. ತಿನ್ನಲಾಗಲಿಲ್ಲ. ಹೆಬ್ಬಾಳದಲ್ಲಿ ಪರೀಕ್ಷೆಯಾಯಿತು. ಮಾರನೆಯ ದಿನವೇ ಫೋನಿನಲ್ಲಿ ಉತ್ತರ ಬಂತು: ಹುಚ್ಚುನಾಯಿಯ ರೋಗವಲ್ಲ.

ಬೀದಿಗೆ ಮತ್ತೆ ಉಸಿರು ಬಂತು. ಮಗನ ಹೊಟ್ಟೆಯ ಚುಚ್ಚುಮದ್ದು ನಿಂತಿತು. ಹಾಲಮ್ಮನ ಉಳಿದೆರಡು ಹಸುಗಳ ಹಾಲು ಹನ್ನೆರಡು ಮನೆಗೂ ಎಂದಿನಂತೆ ಹೋಯಿತು. ಕಥೆ ಅಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದೆ ಇದ್ದದ್ದು ನನ್ನಿಂದ.

ವಾಚಕರಿಗೆ ಆ ವರ್ಷದ ಪತ್ರಿಕೆಗಳು ನೆನಪಿರಬಹುದು. ಯೂರೋಪಿನಲ್ಲಿ ‘ಹುಚ್ಚು ಹಸು’ ರೋಗದ ಗದ್ದಲ. ಈ ಹುಚ್ಚಿಗೂ ನಾಯಿಯ ಹುಚ್ಚಿಗೂ ಸಂಬಂಧವಿಲ್ಲ. ೧೯೮೬ರಲ್ಲಿ ಇಂಗ್ಲೆಂಡಿನ ವೇಬ್ರಿಡ್ಜ್ ಎಂಬಲ್ಲಿಯ ಪಶುವೈದ್ಯ ಪ್ರಯೋಗಾಲಯದಲ್ಲಿ ಇದನ್ನು ಮೊದಲು ಗುರುತಿಸಿದರು. ಬೆಚ್ಚಿ ಬೀಳುವ, ಹಿಂಗಾಲು ತೂರಾಡುವ ಹಸುಗಳು ಸತ್ತ ಮೇಲೆ ಮಿದುಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಚೆನ್ನಾಗಿ ಹುದುಗಿದ ಹಿಟ್ಟಿನ ಇಡ್ಲಿಯನ್ನು ಮುರಿದಾಗ ಕಾಣುವಂತೆ ತೂತೋ ತೂತು. ಸತ್ತ ದನಗಳ ಮಾಂಸ ಮೂಳೆಯ ಪುಡಿಯನ್ನು ಬದುಕಿದ ದನಗಳ ಮೇವಿಗೆ ಬೆರೆಸಿದ್ದೇ ಇದು ಹರಡಲು ಕಾರಣವೆಂದು ತಿಳಿದು, ೧೯೮೮ರಲ್ಲಿ ಆ ಮೇವನ್ನು ನಿಷೇಧಿಸಿದರು. ಆದರೆ ರೋಗ ಒಳಹೊಕ್ಕ ಮೇಲೆ ಹೊರಗೆ ಕಾಣಲು ನಾಲ್ಕೈದು ವರ್ಷ ಬೇಕು. ಬ್ರಿಟನ್ನಿನಲ್ಲಿ ಒಟ್ಟು ೧,೮೦,೦೦೦ಕ್ಕೂ ಹೆಚ್ಚು ಹಸುಗಳಲ್ಲಿ ಅದು ಕಂಡುಬಂತು. ಆ ಮಾಂಸ ತಿಂದ ಮನುಷ್ಯರಿಗೂ ಬಂದಿರುವ ಸಂಭವವಿದೆಯೆಂದು ೧೯೯೬ರ ಮಾರ್ಚಿನಲ್ಲಿ ಅಲ್ಲಿಯ ಸರ್ಕಾರ ಒಪ್ಪಿಕೊಂಡಿತು.

ಇದಕ್ಕೆ ಕಾರಣ ಕ್ರಿಮಿಯಲ್ಲ, ಪ್ರಿಯಾನ್ ಎಂಬ ಒಂದು ಪ್ರೋಟೀನು. ೧೯೮೨ರಲ್ಲಿ ಆ ಹೆಸರಿಟ್ಟ ಸ್ಟ್ಯಾನ್ಲಿ ಪ್ರೂಸಿನರ್ ಅವರಿಗೆ ೧೯೯೭ರಲ್ಲಿ ನೊಬೆಲ್ ಬಹುಮಾನ ಬಂತು. ಪ್ರಾಣಿಯ ಮಿದುಳಿನಲ್ಲಿ ಹುಟ್ಟಿನಿಂದಲೇ ಇರುವ ಸಾಧು ಪ್ರೋಟೀನೊಂದು ತನ್ನ ಮಡಿಕೆ ತಪ್ಪಿ ಬೇರೆ ರೀತಿ ಮಡಿಸಿಕೊಳ್ಳುತ್ತದೆ. ಅದರ ಪಕ್ಕದ್ದೂ ಅದನ್ನು ನೋಡಿ ಹಾಗೆಯೇ ಮಡಿಸಿಕೊಳ್ಳುತ್ತದೆ. ಮದುವೆಮನೆಯ ಊಟದಲ್ಲಿ ಒಬ್ಬರು ಎಲೆ ಬಿಟ್ಟೆದ್ದರೆ, ಪಾಯಸ ಬರುವುದಿದ್ದರೂ ಪಂಕ್ತಿಯೇ ಎದ್ದುಬಿಡುವುದಿಲ್ಲವೆ, ಹಾಗೆ.

ದೇಹದ ಸ್ವಂತ ವಸ್ತುವೇ ಕೆಟ್ಟದ್ದಾದ್ದರಿಂದ ದೇಹಕ್ಕೆ ಅದು ಶತ್ರುವೆಂದು ತಿಳಿಯುವುದಿಲ್ಲ. ಜ್ವರವಿಲ್ಲ. ರಕ್ತದಲ್ಲಿ ಎದುರಾಳಿ ಅಂಶ ಹುಟ್ಟುವುದಿಲ್ಲ. ಬೆಳೆಸಿ ನೋಡೋಣವೆಂದರೆ ಕ್ರಿಮಿಯೇ ಅಲ್ಲ. ಹೀಗಾಗಿ ಬಹುಕಾಲ ಉಳಿದಿದ್ದ ದಾರಿ ಒಂದೇ: ಹಸು ಸಾಯಬೇಕು, ಮಿದುಳಿನ ಬುಡವನ್ನು ಫಾರ್ಮಲಿನ್ನಿನಲ್ಲಿ ದಿನಗಟ್ಟಲೆ ನೆನೆಯಿಟ್ಟು ಗಟ್ಟಿ ಮಾಡಬೇಕು, ಮೇಣದಲ್ಲಿ ಕೂರಿಸಿ ಸೀಳಬೇಕು, ಬಣ್ಣ ಹಾಕಬೇಕು, ಕಣ್ಣು ನುರಿತವರು ಕುಳಿತು ತೂತು ಹುಡುಕಬೇಕು. ಆ ವೇಳೆಗೆ ಅದರ ಜತೆಗೆ ಕಡಿದ ದನಗಳ ಮಾಂಸ ಅಂಗಡಿ ದಾಟಿ ಅಡುಗೆಮನೆ ಸೇರಿರುತ್ತಿತ್ತು.

ಇದಕ್ಕೆ ಪರಿಹಾರವಾಗಿ ಶೀಘ್ರ ಪರೀಕ್ಷೆಗಳು ಹುಟ್ಟಿದುವು. ಸ್ವಿಟ್ಸರ್ಲೆಂಡ್, ಐರ್ಲೆಂಡ್, ಫ್ರಾನ್ಸುಗಳಲ್ಲಿ ರೂಪಿಸಿದ ಪರೀಕ್ಷೆಗಳನ್ನು ಯೂರೋಪಿನ ಒಕ್ಕೂಟ ೧೯೯೯ರಲ್ಲಿ ಒರೆಗೆ ಹಚ್ಚಿ ನೋಡಿತು. ತತ್ತ್ವ ಬಹಳ ಸರಳ, ನಮ್ಮ ಬಟ್ಟೆ ಒಗೆಯುವ ಕಲ್ಲಿನ ತತ್ತ್ವ. ಮಿದುಳಿನ ಬುಡದಿಂದ ಚೂರು ತೆಗೆದು ಅರೆದು, ಪ್ರೋಟೀನುಗಳನ್ನು ಜೀರ್ಣಿಸುವ ಒಂದು ಕಿಣ್ವವನ್ನು ಸುರಿಯುತ್ತಾರೆ. ಸರಿಯಾಗಿ ಮಡಿಸಿಕೊಂಡಿರುವ ಪ್ರೋಟೀನು ಕೊಳೆಯಂತೆ ಕರಗಿಹೋಗುತ್ತದೆ. ರೋಗದ ಪ್ರೋಟೀನು ಮಾತ್ರ ಸೋಪಿಗೆ ಬಗ್ಗದ ಎಣ್ಣೆಯ ಕಲೆಯಂತೆ ಉಳಿಯುತ್ತದೆ. ಉಳಿದದ್ದಕ್ಕೆ ಅಂಟಿಕೊಳ್ಳುವ ಔಷಧಿ ಹಾಕಿ ಬಣ್ಣ ಬರಿಸಿದರೆ ಕೆಲವೇ ಗಂಟೆಗಳಲ್ಲಿ ಉತ್ತರ ಸಿಕ್ಕುತ್ತದೆ. ಕಡಿದ ದನದ ಮಾಂಸವನ್ನು ಉತ್ತರ ಬರುವ ತನಕ ತಣ್ಣನೆಯ ಕೋಣೆಯಲ್ಲಿ ತಡೆದಿಟ್ಟರೆ ಸಾಕು. ತನ್ನಲ್ಲಿ ಹುಟ್ಟಿದ ದನಕ್ಕೆ ರೋಗವಿಲ್ಲವೆಂದು ನಂಬಿ ಕುಳಿತಿದ್ದ ಜರ್ಮನಿಯಲ್ಲಿ ೨೦೦೦ದ ನವೆಂಬರಿನಲ್ಲಿ ಇಂಥ ಪರೀಕ್ಷೆ ಅದನ್ನು ಹಿಡಿದುಕೊಟ್ಟಿತು. ಜನವರಿಯಲ್ಲಿ ಇಬ್ಬರು ಮಂತ್ರಿಗಳು ಅಧಿಕಾರ ಬಿಟ್ಟರು. ಅದೇ ೨೦೦೧ರ ಜನವರಿಯಿಂದ, ಮೂವತ್ತು ತಿಂಗಳು ಮೀರಿದ, ಆಹಾರಕ್ಕೆ ಕಡಿಯುವ ದನಗಳಿಗೆಲ್ಲ ಈ ಪರೀಕ್ಷೆ ಅಲ್ಲಿ ಕಡ್ಡಾಯವಾಯಿತು.

ಇದನ್ನೆಲ್ಲ ನಾನು ಆಗ ಬಾಯಿಪಾಠವಾಗುವಷ್ಟು ಓದಿದ್ದೆ. ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಕಷ್ಟ. ಕೆಂಪಿಯ ಮಿದುಳಿನ ಬುಡವನ್ನು, ಯಾರೂ ಕೇಳದಿದ್ದರೂ, ಫಾರ್ಮಲಿನ್ ತುಂಬಿದ ಎರಡನೆಯ ಸೀಸೆಯಲ್ಲಿ ಹಾಕಿ, ಹೊರರಾಜ್ಯದಲ್ಲಿ ರೋಗಶಾಸ್ತ್ರಜ್ಞನಾಗಿದ್ದ ನನ್ನ ಸಹಪಾಠಿಗೆ ಕಳಿಸಿದೆ. ಅದು ಆ ರೋಗವಲ್ಲವೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ರೋಗ ವಾರಗಟ್ಟಲೆ, ತಿಂಗಳುಗಟ್ಟಲೆ ನರಳಿಸುತ್ತದೆ. ಕೆಂಪಿ ಮೂರು ದಿನದಲ್ಲಿ ಸತ್ತಿತು. ಅದು ಜನ್ಮದಲ್ಲಿ ತಿಂದದ್ದು ಹುಲ್ಲು, ಬೂಸಾ, ಕಡಲೆಕಾಯಿ ಹಿಂಡಿ. ಆದರೂ ಕಳಿಸಿದೆ. ಕುತೂಹಲವೆಂದು ಆಗ ಹೇಳಿಕೊಂಡೆ. ಪಶುವೈದ್ಯರ ಸಭೆಯೊಂದರಲ್ಲಿ ಎದ್ದು ನಿಂತು, “ನಾನು ಅದನ್ನೂ ಪರೀಕ್ಷೆ ಮಾಡಿಸಿದ್ದೇನೆ,” ಎನ್ನುವ ಆಸೆ ಅದರ ಹಿಂದೆ ಇತ್ತು.

ಕಳಿಸಿದ್ದು ತಪ್ಪಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ತಿರುಗಾಟದಲ್ಲಿ ಜತೆಯಾಗುತ್ತಿದ್ದ, ನಿವೃತ್ತ ಪ್ರಾಧ್ಯಾಪಕರಾದ ನಮ್ಮ ಬೀದಿಯ ಹಿರಿಯರೊಬ್ಬರಿಗೆ ಹೇಳಿದ್ದು ತಪ್ಪು.

“ಹುಚ್ಚಲ್ಲವಂತಲ್ಲ ಡಾಕ್ಟರೆ, ಸದ್ಯ,” ಎಂದರು ಅವರು.

“ಹುಚ್ಚುನಾಯಿಯದಲ್ಲ, ಅಷ್ಟು ಖಂಡಿತ. ಯೂರೋಪಿನಲ್ಲಿ ನಡೆಯುತ್ತಿದೆಯಲ್ಲ, ಅದಕ್ಕೂ ಒಂದು ಸೀಸೆ ಕಳಿಸಿದ್ದೇನೆ. ನೋಡೋಣ, ಏನು ಬರುತ್ತದೋ.”

ಈ ಕೊನೆಯ ಮೂರು ಮಾತುಗಳೇ ನಾನು ಆಡಬಾರದಿದ್ದ ಮಾತುಗಳು. ಪ್ರಾಧ್ಯಾಪಕರು ಕೆಟ್ಟವರಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದರು, ಅಷ್ಟೆ. ಎರಡು ದಿನದಲ್ಲಿ ಒಂದು ಮನೆಯವರು ಹಾಲು ಬೇಡವೆಂದರು. ಪಕ್ಕದ ಮನೆಯವರು ಅವರನ್ನು ನೋಡಿ ಬೇಡವೆಂದರು. ಆಮೇಲೆ ಪಂಕ್ತಿ ಎದ್ದಿತು.

ನಾನು ಮನೆ ಮನೆಗೂ ಹೋಗಿ ವಿವರಿಸಿದೆ. ಹಾಲಿನಿಂದ ಆ ರೋಗ ಬರುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೇ ಹಾಲಿಗೆ ಅಭಯ ಕೊಟ್ಟಿದೆ ಎಂದೆ. ಸತ್ತ ಹಸುವೇ ಬೇರೆ, ಹಾಲು ಕೊಡುತ್ತಿರುವ ಹಸುಗಳೇ ಬೇರೆ ಎಂದೆ. ಎಲ್ಲರೂ ಸೌಜನ್ಯದಿಂದ ಕೇಳಿ, ಕಾಫಿ ಕೊಟ್ಟು (ಪ್ಯಾಕೆಟ್ ಹಾಲಿನದು), ಕೊನೆಗೆ ಒಂದೇ ಮಾತು ಹೇಳಿದರು: “ಉತ್ತರ ಬರಲಿ ಬಿಡಿ, ಆಮೇಲೆ ನೋಡೋಣ. ನೀವೇ ಅಂದಿರಲ್ಲ, ಏನು ಬರುತ್ತದೋ ಅಂತ.” ಮನೆಯಲ್ಲಿ ಎಳೆಯ ಮಕ್ಕಳನ್ನಿಟ್ಟುಕೊಂಡವರು. ಅವರನ್ನು ದೂರುವುದು ಹೇಗೆ? ಸಂಶಯವನ್ನು ಹುಟ್ಟಿಸಿದವನು ನಾನು; ಅದನ್ನು ತೀರಿಸುವ ಶಕ್ತಿ ಮಾತ್ರ ನನ್ನ ಕೈಯಲ್ಲಿರಲಿಲ್ಲ. ಅದು ಸಾವಿರ ಮೈಲಿಯಾಚೆ ಫಾರ್ಮಲಿನ್ನಿನಲ್ಲಿ ನೆನೆಯುತ್ತಿತ್ತು.

ಸಹಪಾಠಿಗೆ ಬರೆದೆ. ತುಂಡು ಇನ್ನೂ ಗಟ್ಟಿಯಾಗಿಲ್ಲವೆಂದು ಬರೆದ. ಮತ್ತೆ ಬರೆದೆ. ಸೀಳುವ ಯಂತ್ರದ ಅಲಗು ರಿಪೇರಿಗೆ ಹೋಗಿದೆಯೆಂದು ಬರೆದ. ಅವನ ತಪ್ಪಿಲ್ಲ, ಅವನ ಬಳಿ ಮೇಜಿನ ತುಂಬ ಬೇರೆ ಸೀಸೆಗಳಿದ್ದುವು. ಹನ್ನೆರಡು ಮನೆ ಮೂರಾಯಿತು. ನಮ್ಮದೊಂದು, ಹಾಲಿನ ಬಾಕಿ ಬಹಳವಾಗಿದ್ದ ಒಂದು ಮನೆ, ಪತ್ರಿಕೆ ಓದದ ಒಂದು ಮನೆ. ಎರಡು ಹಸುವಿನ ಮೇವಿಗೆ ಮೂರು ಮನೆಯ ಹಾಲಿನ ದುಡ್ಡು ಸಾಲದು.

ಯುಗಾದಿ ಕಳೆದು, ಏಪ್ರಿಲ್ ನಡುವಿನಲ್ಲಿ ಉತ್ತರ ಬಂತು. ಅರ್ಧ ಪುಟದ ಕಾಗದ. ಮಿದುಳಿನಲ್ಲಿ ತೂತುಗಳಿಲ್ಲ, ಶಂಕಿಸಿದ ರೋಗದ ಯಾವ ಲಕ್ಷಣವೂ ಕಾಣಲಿಲ್ಲ. ನಾನು ಆ ಕಾಗದ ಹಿಡಿದು, ಊಟವನ್ನೂ ಮಾಡದೆ ಕೊಪ್ಪಲಿಗೆ ಓಡಿದೆ.

ಕೊಟ್ಟಿಗೆ ಖಾಲಿಯಾಗಿತ್ತು. ಗೊಂತಿನ ಹಗ್ಗಗಳನ್ನು ಮಾತ್ರ ಸುರುಳಿ ಸುತ್ತಿ ಗೂಟಕ್ಕೆ ತೂಗುಹಾಕಿದ್ದಳು. ಹಸುಗಳನ್ನು ತಿರುಮಕೂಡಲು ನರಸೀಪುರದ ಕಡೆಯವರಿಗೆ ಕೊಟ್ಟು ಹತ್ತು ದಿನವಾಗಿತ್ತಂತೆ. ಹಾಲಮ್ಮ ಜಗಲಿಯ ಮೇಲೆ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಕೈ ಮೊಣಕೈಯವರೆಗೆ ಮಸಿಯಾಗಿತ್ತು. ನಾನು ಕಾಗದ ಬಿಚ್ಚಿ, ಕನ್ನಡದಲ್ಲಿ ಅರ್ಥ ಹೇಳಿ ಓದಿದೆ. ಅವಳು ಹೊಸೆಯುವುದನ್ನು ನಿಲ್ಲಿಸದೆ ಕೇಳಿದಳು.

“ಆ ಕಾಯ್ಲೆ ಇರ್ನಿಲ್ಲ ಅಂತಾನಾ?”

“ಹೌದಮ್ಮ, ಇರಲಿಲ್ಲ.”

“ನಾಯಿದೂ ಅಲ್ಲ, ಇದೂ ಅಲ್ಲ. ಮತ್ತೆ ಯಾತ್ರಲ್ಲಿ ಸತ್ತೋಯ್ತು ಸಾರ್ ಅದು?”

ಪಕ್ಕದಲ್ಲಿ ಗುಜರಿ ಅಂಗಡಿಯಿತ್ತು. ಒಡೆದ ಹಳೆಯ ಬ್ಯಾಟರಿಗಳ ರಾಶಿ ಕೊಟ್ಟಿಗೆಯ ಗೋಡೆಗೆ ಆನಿಕೊಂಡಿತ್ತು. ಅವುಗಳೊಳಗಿನ ಸೀಸದ ತಗಡನ್ನು ದನಗಳು ನೆಕ್ಕುವುದುಂಟು. ನೆಕ್ಕಿದರೆ ಹೀಗೆಯೇ ಜೊಲ್ಲು ಸುರಿಸಿ, ಕೂಗಿ, ಕೆಲವೇ ದಿನಗಳಲ್ಲಿ ಸಾಯುವುದೂ ಉಂಟು. ಜನವರಿಯಲ್ಲಿಯೂ ಆ ರಾಶಿ ಅಲ್ಲಿಯೇ ಇದ್ದಿರಬೇಕು. ನಾನು ಜರ್ಮನಿಯವರೆಗೆ ನೋಡಿದವನು ಗೋಡೆಯಾಚೆ ನೋಡಿರಲಿಲ್ಲ. ಪಿತ್ತಜನಕಾಂಗದ, ಮೂತ್ರಪಿಂಡದ ಒಂದೊಂದು ಚೂರನ್ನು ಮೂರನೆಯ ಸೀಸೆಯಲ್ಲಿ ಹಾಕಿಟ್ಟಿದ್ದರೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕುತ್ತಿತ್ತೇನೊ. ನಾನು ಸುಮ್ಮನೆ ಕಾಗದವನ್ನು ಅವಳ ಕಡೆ ಚಾಚಿದೆ. ಅವಳು ಮಸಿಯಾದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ನನ್ಗ್ಯಾಕೆ ಸಾರ್ ಇದು? ನನ್ಗೊತ್ತಿತ್ತು. ಬೀದಿಯೋರ್ಗೆ ಓದಿ ಯೋಳಿ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದಿನಿಂದ ಈ ಪರೀಕ್ಷೆಗಳ ವಿಷಯ ಎಲ್ಲಿ ಬಂದರೂ ಓದುತ್ತೇನೆ. ಈಗಿರುವ ಶೀಘ್ರ ಪರೀಕ್ಷೆಗೂ ಹಸು ಸತ್ತೇ ಇರಬೇಕು. ರೋಗ ಬಲಿಯುವ ಮೊದಲೇ ಪರೀಕ್ಷಿಸಿದರೆ ಅದಕ್ಕೂ ಏನೂ ಕಾಣುವುದಿಲ್ಲ. ಕುರಿಗಳಲ್ಲಿ ಇದೇ ಜಾತಿಯ ರೋಗವಿದೆ. ನಮ್ಮ ದೇಶದಲ್ಲಿಯೂ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ೧೯೬೧ರಲ್ಲಿ ವರದಿಯಾಗಿತ್ತು. ಬದುಕಿರುವ ಕುರಿಯ ಕಣ್ಣುರೆಪ್ಪೆಯ ಒಳಗಿನ ಚೂರಿನಿಂದಲೇ ಅದನ್ನು ಪತ್ತೆ ಮಾಡುವುದು ಸಾಧ್ಯವಾಗಿದೆ. ಇನ್ನೊಂದು ವಿಧಾನ ನಮ್ಮ ಹಾಲಮ್ಮನಿಗೂ ಅರ್ಥವಾಗುವಂಥದು: ಒಳ್ಳೆಯ ಪ್ರೋಟೀನಿನ ಪಾತ್ರೆಗೆ ರೋಗದ ಒಂದು ಕಣವನ್ನು ಹೆಪ್ಪು ಹಾಕುವುದು. ಇಡೀ ಪಾತ್ರೆ ಹೆಪ್ಪಾದರೆ ಹಾಕಿದ ಹನಿಯಲ್ಲಿ ರೋಗವಿತ್ತೆಂದು ಅರ್ಥ. ಕ್ಲಾಡಿಯೊ ಸೋಟೊ ಎಂಬವರೂ ಅವರ ಸಂಗಡಿಗರೂ ಇದರ ಮೊದಲ ರೂಪವನ್ನು ಪ್ರಕಟಿಸಿದ್ದು ಅದೇ ೨೦೦೧ರಲ್ಲಿ, ಹಾಲಮ್ಮ ಹಸು ಮಾರಿದ ವರ್ಷ. ಈಗ ಅದರ ಸುಧಾರಿಸಿದ ರೂಪದಿಂದ, ಇದೇ ಜಾತಿಯ ರೋಗ ಬಂದ ಮನುಷ್ಯರ ಬೆನ್ನುಹುರಿಯ ನೀರನ್ನು, ಅವರು ಬದುಕಿರುವಾಗಲೇ, ಪರೀಕ್ಷಿಸುತ್ತಾರೆ. ನಮ್ಮ ದೇಶದ ಹಸುಗಳಿಗೆ ಈ ರೋಗದ ಅಪಾಯ ನಗಣ್ಯವೆಂದು ವಿಶ್ವ ಪಶು ಆರೋಗ್ಯ ಸಂಸ್ಥೆ ೨೦೧೦ರಲ್ಲಿ ಸಾರಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೂ ನನಗೆ ಮೊದಲು ನೆನಪಾದದ್ದು ಗೂಟಕ್ಕೆ ತೂಗುಹಾಕಿದ್ದ ಹಗ್ಗ.

ಆರು ಗಂಟೆಯ ಪರೀಕ್ಷೆ, ನಾಲ್ಕು ಗಂಟೆಯ ಪರೀಕ್ಷೆ ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಚೂರು ಪ್ರಯೋಗಾಲಯದ ಮೇಜಿಗೆ ಬಂದ ಕ್ಷಣದಿಂದ ಅವರ ಗಡಿಯಾರ ಓಡುತ್ತದೆ. ಹಸು ಸಾಕಿದವರ ಗಡಿಯಾರ ಅದಕ್ಕಿಂತ ಮೊದಲೇ ಓಡತೊಡಗಿರುತ್ತದೆ. ಯಾರೋ ಒಬ್ಬ ತಿಳಿದವನು ಬಾಯಿ ತೆರೆದಾಗಿನಿಂದ. ಉತ್ತರ ಬೇಗ ಬರುವ ತನಕ ಪ್ರಶ್ನೆಯನ್ನು ಬೀದಿಗೆ ಬಿಡಬಾರದೆಂಬ ಇಷ್ಟು ಸಣ್ಣ ವಿಷಯವನ್ನು ನನಗೆ ಯಾವ ಪಠ್ಯಪುಸ್ತಕವೂ ಕಲಿಸಲಿಲ್ಲ.

ಹಾಲಮ್ಮ ಹೇಳಿದಂತೆ ಅಂದು ಸಂಜೆ ಕಾಗದ ಹಿಡಿದು ಬೀದಿಗೆ ಹೊರಟೆ. ಒಂಬತ್ತು ಮನೆಗಳಿಗೆ ಓದಿ ಹೇಳಬೇಕಾಗಿತ್ತು. ಪ್ರಾಧ್ಯಾಪಕರ ಮನೆಯಿಂದ ಆರಂಭಿಸಿ ನಾಲ್ಕು ಮನೆಗೆ ಹೋದೆ. ನಾಲ್ಕು ಕಡೆಯೂ, “ಅಯ್ಯೋ, ಹೌದೆ? ಒಳ್ಳೆಯದಾಯಿತು. ನಮಗೀಗ ಪ್ಯಾಕೆಟ್ಟೇ ಅನುಕೂಲವಾಗಿದೆ,” ಎಂದರು. ಐದನೆಯ ಮನೆಯ ಗೇಟಿನವರೆಗೆ ಹೋದವನು ಒಳಗೆ ಹೋಗಲಾರದೆ ಹಿಂದಿರುಗಿದೆ.

ಆ ಮನೆಯವರಿಗೂ, ಉಳಿದ ನಾಲ್ಕು ಮನೆಯವರಿಗೂ ಇಂದು ಹೇಳುತ್ತಿದ್ದೇನೆ: ಕೆಂಪಿಗೆ ಆ ರೋಗವಿರಲಿಲ್ಲ.